ಚಾವಣಿಯ ಬಿಸಿಲಲ್ಲಿ ಸಾಗುವ ಸರ್ಕಾರಿ ದೋಣಿ

ಕೇರಳದ ಕೋಟ್ಟಯಂ ಜಿಲ್ಲೆಯಲ್ಲಿ ವೈಕಂ ಎಂಬ ಊರಿದೆ. ಊರಿನ ಪಶ್ಚಿಮದ ಅಂಚಿಗೆ ವೇಂಬನಾಡ್ ಹಿನ್ನೀರು ಬಂದು ತಾಗುತ್ತದೆ. ಹಲವು ಹೊಳೆಗಳ ಸಿಹಿನೀರು ಬಂದು ಸೇರುವ, ಕಡಲಿನ ಉಪ್ಪುನೀರೂ ಒಳಗೆ ನುಗ್ಗುವ ದೊಡ್ಡ ಕೆರೆ ಅದು. ಉದ್ದವೇ 90 ಕಿಲೋಮೀಟರಿಗೂ ಮಿಕ್ಕಿ. 1925ರ ಮಾರ್ಚ್‌ನಲ್ಲಿ ವೈಕಂ ಸತ್ಯಾಗ್ರಹ ನಡೆಯುತ್ತಿದ್ದಾಗ ಗಾಂಧೀಜಿ ದೋಣಿಯಲ್ಲೇ ಬಂದು ಈ ಊರಿಗೆ ಇಳಿದಿದ್ದರು. ಇವತ್ತಿಗೂ ಇಲ್ಲಿಂದ ಆಚೆ ದಡದ ತವಣಕ್ಕಡವಿಗೆ ಹೋಗುವವರು ರಸ್ತೆಯ ಸುತ್ತುದಾರಿ ಹಿಡಿಯುವುದಿಲ್ಲ, ಜೆಟ್ಟಿಗೆ ಹೋಗಿ ಟಿಕೆಟ್ ತೆಗೆದುಕೊಂಡು ಸರ್ಕಾರಿ ಬೋಟ್ ಹತ್ತುತ್ತಾರೆ. ಸುಮಾರು ಹದಿನೈದು ನಿಮಿಷದ ಪಯಣ. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯವರು, ಕಚೇರಿಗೆ ಹೋಗುವವರು ಎಲ್ಲರೂ ಒಂದೇ ಬೆಂಚಿನಲ್ಲಿ.

ನಮ್ಮಲ್ಲಿ ಬಸ್ಸಿಗೆ ನಿಗಮ ಇದೆಯಲ್ಲ, ಕೇರಳದಲ್ಲಿ ಬೋಟಿಗೂ ಹಾಗೆ ಒಂದು ಇಲಾಖೆಯೇ ಇದೆ. ಹೆಸರು ರಾಜ್ಯ ಜಲ ಸಾರಿಗೆ ಇಲಾಖೆ, ಮುಖ್ಯ ಕಚೇರಿ ಆಲಪ್ಪುಳದಲ್ಲಿ. ಅದರ ಹಳೆಯ ಬೋಟುಗಳಲ್ಲಿ ಕೂತವರಿಗೆ ಮೂರು ಸಂಗತಿ ಮರೆಯುವುದಿಲ್ಲ: ಇಂಜಿನ್ನಿನ ಗಡಗಡ, ಕಾಲಡಿಯ ಹಲಗೆಯ ನಡುಕ, ಮೂಗಿಗೆ ಅಡರುವ ಡೀಸೆಲ್ ವಾಸನೆ. 2017ರ ಜನವರಿ 12ರಂದು ವೈಕಂ–ತವಣಕ್ಕಡವು ಮಾರ್ಗಕ್ಕೆ ಬೇರೆಯದೇ ಒಂದು ಬೋಟ್ ಬಂತು. ಅದಕ್ಕೆ ಗಡಗಡವೂ ಇಲ್ಲ, ಹೊಗೆಯ ಕೊಳವೆಯೂ ಇಲ್ಲ. ಹೆಸರು ‘ಆದಿತ್ಯ’. ಸೂರ್ಯನ ಹೆಸರು ಸುಮ್ಮನೆ ಇಟ್ಟಿದ್ದಲ್ಲ. ಚಾವಣಿಯ ಮೇಲೆ ಹಾಸಿದ ಸೌರಫಲಕಗಳೇ ಅದಕ್ಕೆ ಅನ್ನ ಹಾಕುವುದು. 75 ಜನ ಕೂರಬಲ್ಲ ಈ ಬೋಟ್ ಭಾರತದ ಮೊದಲ ಸೌರಶಕ್ತಿಯ ಪ್ರಯಾಣಿಕರ ದೋಣಿ. ಕಟ್ಟಿದ್ದು ಕೊಚ್ಚಿಯ ನವಾಲ್ಟ್ ಎಂಬ ಪುಟ್ಟ ಕಂಪನಿ.

ಹಳೆಯ ಬೋಟ್ ತೆಗೆದು ಹೊಸದನ್ನು ತಂದರೆ ಅದರಲ್ಲೇನು ದೊಡ್ಡ ವಿಜ್ಞಾನ ಎಂದು ನೀವು ಕೇಳಬಹುದು. ಬಹಳ ಇದೆ ಮಕ್ಕಳೇ. ಹೊಗೆಯಿಂದಲೇ ಶುರುಮಾಡೋಣ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಡೀಸೆಲ್ ಅದಕ್ಕಿಂತ ಹಗುರ, ಒಂದು ಲೀಟರಿಗೆ ಸುಮಾರು 840 ಗ್ರಾಂ. ಆ 840 ಗ್ರಾಂ ಡೀಸೆಲ್ ಇಂಜಿನ್ನಿನಲ್ಲಿ ಉರಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಎಷ್ಟಿರಬಹುದು? 840 ಗ್ರಾಮಿಗಿಂತ ಕಡಿಮೆ ಎಂದು ಯಾರಾದರೂ ಹೇಳಿಯಾರು. ಆದರೆ ಅಳೆದರೆ ಸಿಗುವುದು 2 ಕಿಲೋ 600 ಗ್ರಾಮಿಗಿಂತಲೂ ತುಸು ಹೆಚ್ಚು! ಕೊಟ್ಟದ್ದಕ್ಕಿಂತ ಮೂರು ಪಟ್ಟು ತೂಕ ಹೊರಗೆ ಬರುವುದು ಹೇಗೆ?

ಇದರಲ್ಲಿ ಮಾಯವೇನಿಲ್ಲ. ಡೀಸೆಲ್‌ನ ತೂಕದಲ್ಲಿ ನೂರಕ್ಕೆ ಹೆಚ್ಚುಕಮ್ಮಿ 86 ಪಾಲು ಇಂಗಾಲ. ಒಂದು ಲೀಟರಿನಲ್ಲಿ 720 ಗ್ರಾಂ ಇಂಗಾಲ ಇದೆ ಎಂದಾಯಿತು. ಉರಿಯುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಸೇರುವುದು. ಒಂದು ಇಂಗಾಲದ ಪರಮಾಣುವಿನ ತೂಕ 12 ಎಂದುಕೊಂಡರೆ ಅದು ಕೈಹಿಡಿಯುವ ಎರಡು ಆಮ್ಲಜನಕದ ಪರಮಾಣುಗಳ ತೂಕ 32. ಕೂಡಿದರೆ 44. ಅಂದರೆ 12 ಗ್ರಾಂ ಇಂಗಾಲ ಉರಿದರೆ 44 ಗ್ರಾಂ ಅನಿಲ. 720ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿ ನೋಡಿ, 2,640 ಬರುತ್ತದೆ. ಹೆಚ್ಚಿನ ತೂಕವನ್ನು ದೋಣಿ ನಾವು ಉಸಿರಾಡುವ ಗಾಳಿಯಿಂದಲೇ ಎತ್ತಿಕೊಂಡಿರುತ್ತದೆ.

ಕೊಳವೆಯಿಂದ ಏಳುವ ಕಪ್ಪು ಹೊಗೆ ಕಂಡರೆ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಆ ಕಪ್ಪು ಎಂದರೆ ಸರಿಯಾಗಿ ಉರಿಯದ ಮಸಿ. ಅದು ಎದೆಗೂ ಕೆಟ್ಟದ್ದು, ನೆಲದ ತಾಪಕ್ಕೂ ಕೆಟ್ಟದ್ದು. ಆದರೆ ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆಯೇ ಕಾಣದ ಚೊಕ್ಕ ಡೀಸೆಲ್ ಇಂಜಿನ್ ಕೂಡ ಲೀಟರಿಗೆ ಎರಡೂವರೆ ಕಿಲೋ ಮೀರಿದ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ. ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆ 1856ರಲ್ಲೇ ಇದರ ಗುಣ ಹಿಡಿದಿದ್ದರು. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಒಡ್ಡಿದರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಯಿತು, ನೆರಳಿಗೆ ತಂದ ಮೇಲೂ ತಣಿಯಲು ಬಹಳ ಹೊತ್ತು ತೆಗೆದುಕೊಂಡಿತು. ಭೂಮಿಯ ಸುತ್ತಲಿನ ಗಾಳಿಯಲ್ಲೂ ನಡೆಯುವುದು ಇಂಥದ್ದೇ. ನೆಲ ಕಾದು ಹೊರಸೂಸುವ ಶಾಖವನ್ನು ಈ ಅನಿಲ ಹೀರಿಕೊಂಡು ಒಂದಷ್ಟನ್ನು ಮತ್ತೆ ನೆಲಕ್ಕೇ ತಿರುಗಿಸುತ್ತದೆ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 280 ಇಂಗಾಲದ ಡೈಆಕ್ಸೈಡ್‌ನವಾಗಿದ್ದವು. ಈಗ 420 ದಾಟಿದೆ. ಮನುಷ್ಯರು ಗಾಳಿಗೆ ಬಿಡುವ ಒಟ್ಟು ಅನಿಲದಲ್ಲಿ ಪ್ರಪಂಚದ ಹಡಗುಗಳೆಲ್ಲ ಸೇರಿ ಬಿಡುವ ಪಾಲು ಸುಮಾರು ನೂರಕ್ಕೆ ಮೂರು.

‘ಹಾಗಾದರೆ ಡೀಸೆಲ್ ಇಂಜಿನ್ ಕಿತ್ತು ಬ್ಯಾಟರಿ, ಮೋಟಾರ್ ಕೂರಿಸಿದರೆ ಆಯಿತಲ್ಲ?’ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಿಯೇ ಕೇಳುತ್ತಾಳೆ.

ಕೇಳಬೇಕಾದ ಪ್ರಶ್ನೆಯೇ. ಯಾಕೆಂದರೆ ವಿದ್ಯುತ್ ದೋಣಿ ಹೊಸ ಕಾಲದ್ದಲ್ಲ. ಡೀಸೆಲ್ ಇಂಜಿನ್ನಿಗಿಂತ ಅದೇ ಹಿರಿಯ! ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಓಡಿಸಿ ತೋರಿಸಿದ್ದು 1897ರಲ್ಲಿ. ಅದಕ್ಕೆ ಸುಮಾರು ಅರವತ್ತು ವರ್ಷ ಮೊದಲೇ, 1838ರಲ್ಲಿ, ಮೊರಿಟ್ಜ್ ಯಾಕೊಬಿ ಎಂಬ ವಿಜ್ಞಾನಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ನೆವಾ ನದಿಯಲ್ಲಿ ಬ್ಯಾಟರಿಯ ದೋಣಿ ಓಡಿಸಿದ್ದ. ಹಣ ಕೊಟ್ಟದ್ದು ರಷ್ಯಾದ ದೊರೆ. ಅದೂ ಒಂಥರಾ ಸರ್ಕಾರಿ ದೋಣಿಯೇ ಅನ್ನಿ. ಹತ್ತು ಹನ್ನೆರಡು ಜನ ಕೂತಿದ್ದರು, ವೇಗ ಮಾತ್ರ ಕಾಲ್ನಡಿಗೆಗಿಂತ ಹೆಚ್ಚಿರಲಿಲ್ಲ. 1881ರಲ್ಲಿ ಫ್ರಾನ್ಸಿನ ಗುಸ್ತಾವ್ ಟ್ರುವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಇನ್ನಷ್ಟು ಚುರುಕಾದ ವಿದ್ಯುತ್ ದೋಣಿ ಓಡಿಸಿದ. ಮುಂದೆ ಡೀಸೆಲ್ ಬಂತು, ವಿದ್ಯುತ್ ದೋಣಿ ಮೂಲೆಗೆ ಸರಿಯಿತು.

ಯಾಕೆ ಸರಿಯಿತು ಎಂಬುದು ನಿಮ್ಮ ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲೇ ತಿಳಿಯುತ್ತದೆ. ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರೆದಿರುತ್ತಾರಲ್ಲ, ಅದು ಶಕ್ತಿಯ ಅಳತೆ: ಒಂದು ಕಿಲೋವಾಟ್‌ನ ಯಂತ್ರ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಒಂದು ಕಿಲೋ ಡೀಸೆಲ್‌ನಲ್ಲಿ ಸುಮಾರು 12 ಯೂನಿಟ್ ಶಕ್ತಿ ಅಡಗಿದೆ, ಒಂದು ಲೀಟರಿನಲ್ಲಿ 10. ದೋಣಿಗೆ ಹಾಕುವ ಇವತ್ತಿನ ಒಳ್ಳೆಯ ಲಿಥಿಯಂ ಬ್ಯಾಟರಿಯನ್ನೇ ತಂದರೂ ಒಂದು ಕಿಲೋಗೆ ಕಾಲು ಯೂನಿಟ್ಟೂ ಹಿಡಿಸುವುದಿಲ್ಲ. ಹಳೆಯ ಕಾಲದ ಬ್ಯಾಟರಿಗಳ ಮಾತು ಬಿಡಿ.

‘ಆದಿತ್ಯ’ದ ಬ್ಯಾಟರಿ ಒಟ್ಟು ಎಷ್ಟು ಹಿಡಿಯುತ್ತದೆ ಗೊತ್ತೇ? 50 ಯೂನಿಟ್. ಅಂದರೆ ಐದು ಲೀಟರ್ ಡೀಸೆಲ್‌ನಲ್ಲಿರುವಷ್ಟು! ಒಂದು ಸಣ್ಣ ಕ್ಯಾನಿನ ಶಕ್ತಿ ನಂಬಿಕೊಂಡು 75 ಜನರನ್ನು ಕೂರಿಸಿಕೊಂಡು ಹೊರಡುವುದು ಧೈರ್ಯವೇ ಸರಿ. ಸ್ವಲ್ಪ ಸಮಾಧಾನದ ಮಾತೂ ಇದೆ. ಡೀಸೆಲ್ ಇಂಜಿನ್ ತನಗೆ ಹಾಕಿದ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನಷ್ಟೇ ದೋಣಿ ತಳ್ಳಲು ಬಳಸಿ, ಉಳಿದದ್ದನ್ನು ಬಿಸಿಯಾಗಿ ಕಳೆಯುತ್ತದೆ. ಇಂಜಿನ್ ಕೋಣೆ ಒಲೆಯ ಹಾಗೆ ಕಾಯುವುದು ಅದಕ್ಕೇ. ವಿದ್ಯುತ್ ಮೋಟಾರ್ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚನ್ನು ಕೆಲಸಕ್ಕೆ ಹಚ್ಚುತ್ತದೆ. ಹಾಗೆ ನೋಡಿದರೆ ಆ 50 ಯೂನಿಟ್ ಮಾಡುವ ಕೆಲಸಕ್ಕೆ ಡೀಸೆಲ್ ಹದಿಮೂರು ಹದಿನಾಲ್ಕು ಲೀಟರ್ ಬೇಕಾಗುತ್ತದೆ. ಆದರೂ ಕಡಿಮೆಯೇ.

ಹೀಗಾಗಿ ಹಳೆಯ ಬೋಟಿನ ಹೊಟ್ಟೆಗೆ ಬ್ಯಾಟರಿ ತುಂಬಿದರೆ ಕೆಲಸ ಕೆಡುತ್ತದೆ. ಹಳೆಯದು ಭಾರ, ಅಗಲ ಮೂತಿಯದು, ನೀರನ್ನು ಹೊಡೆದು ಬದಿಗೆ ತಳ್ಳುತ್ತಾ ಹೋಗುವಂಥದ್ದು. ಅದನ್ನು ಕಟ್ಟಿದವರು ಡೀಸೆಲ್ ಎಷ್ಟು ಬೇಕಾದರೂ ಸಿಗುತ್ತದೆ ಎಂದು ನಂಬಿ ಕಟ್ಟಿದ್ದರು. ‘ಆದಿತ್ಯ’ವನ್ನು ರೂಪಿಸಿದವರು ಪ್ರಶ್ನೆಯನ್ನೇ ತಿರುವಿಹಾಕಿದರು. ಎಷ್ಟು ಶಕ್ತಿ ತುಂಬೋಣ ಎಂದು ಕೇಳಲಿಲ್ಲ. ಎಷ್ಟು ಕಡಿಮೆ ಶಕ್ತಿಯಲ್ಲಿ ಈ ಜನ ದಡ ಮುಟ್ಟಬಹುದು ಎಂದು ಕೇಳಿದರು. ನನಗೆ ಈ ದೋಣಿಯಲ್ಲಿ ಬಹಳ ಇಷ್ಟವಾಗುವುದು ಸೌರಫಲಕಕ್ಕಿಂತ ಈ ಪ್ರಶ್ನೆಯೇ. ಫಲಕವನ್ನು ದುಡ್ಡಿದ್ದವರು ಯಾರೂ ತರಬಹುದು.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಒಂದು ದೊಡ್ಡ ಬಕೆಟ್ ತುಂಬ ನೀರು ತೆಗೆದುಕೊಳ್ಳಿ. ಅಂಗೈಯನ್ನು ಅಗಲವಾಗಿಟ್ಟು ನೀರಿನಲ್ಲಿ ಅಡ್ಡ ತಳ್ಳಿ. ಆಮೇಲೆ ಅದೇ ಕೈಯನ್ನು ಕತ್ತಿಯಂತೆ ಹಿಡಿದು, ಬೆರಳಿನ ಅಂಚು ಮುಂದಾಗಿ ತಳ್ಳಿ. ಎರಡನೆಯ ಸಲ ಕೈ ಸಲೀಸಾಗಿ ಸಾಗುತ್ತದೆ, ಅಲೆಯೂ ಕಡಿಮೆ ಏಳುತ್ತದೆ. ಈಗ ಕೈಯನ್ನು ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ ಎಳೆಯಿರಿ. ಜೋರು ಮಾಡಿದಷ್ಟೂ ನೀರು ಹಠ ಹಿಡಿಯುತ್ತದೆ. (ನೀರು ಚೆಲ್ಲಿದರೆ ಒರೆಸುವ ಕೆಲಸವೂ ನಿಮ್ಮದೇ.)

ಬಕೆಟ್ಟಿನಲ್ಲಿ ಕಂಡ ಎರಡೂ ಸಂಗತಿ ದೋಣಿಗೆ ಅನ್ವಯಿಸುತ್ತವೆ. ‘ಆದಿತ್ಯ’ಕ್ಕೆ ಒಂದು ಅಗಲವಾದ ಒಡಲಿಲ್ಲ. ಎರಡು ತೆಳ್ಳಗಿನ, ಉದ್ದನೆಯ ಒಡಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಮೇಲೆ ಅಟ್ಟ ಹಾಕಿದ್ದಾರೆ. ಇಂಥ ಜೋಡಿ ಒಡಲಿನ ದೋಣಿಗೆ ಕ್ಯಾಟಮರಾನ್ ಎನ್ನುತ್ತಾರೆ. ಎರಡೂ ಒಡಲುಗಳು ನೀರನ್ನು ಸೀಳಿಕೊಂಡು ಹೋಗುತ್ತವೆ, ದೊಡ್ಡ ಅಲೆ ಎಬ್ಬಿಸುವುದಿಲ್ಲ. ಅಲೆ ಏಳಬೇಕಾದರೂ ಶಕ್ತಿ ಬೇಕು ನೋಡಿ. ಹಳೆಯ ಬೋಟಿನ ಹಿಂದೆ ಏಳುವ ಚೆಂದದ ಅಲೆಯೆಲ್ಲ ಡೀಸೆಲ್ ಸುಟ್ಟು ಎಬ್ಬಿಸಿದ್ದೇ. ಮೈಯನ್ನು ಉಕ್ಕಿನ ಬದಲು ಫೈಬರ್‌ಗ್ಲಾಸ್‌ನಲ್ಲಿ ಮಾಡಿದ್ದರಿಂದ ತೂಕವೂ ಇಳಿಯಿತು. ತೂಕ ಇಳಿದರೆ ದೋಣಿ ನೀರಿನಲ್ಲಿ ಕಡಿಮೆ ಮುಳುಗುತ್ತದೆ, ಮುಳುಗಿದ್ದು ಕಡಿಮೆಯಾದಷ್ಟೂ ಉಜ್ಜಾಟ ಕಡಿಮೆ.

ಇನ್ನು ವೇಗ. ಇಲ್ಲಿ ಒಂದು ಸೋಜಿಗದ ನಿಯಮವಿದೆ. ವೇಗವನ್ನು ಎರಡು ಪಟ್ಟು ಮಾಡಿದರೆ ಬೇಕಾಗುವ ಸಾಮರ್ಥ್ಯ ಎರಡು ಪಟ್ಟಲ್ಲ, ಹೆಚ್ಚುಕಮ್ಮಿ ಎಂಟು ಪಟ್ಟಾಗುತ್ತದೆ. ಎರಡನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿದಷ್ಟು. ಮೂರು ಪಟ್ಟು ವೇಗಕ್ಕೆ 27 ಪಟ್ಟು. ಇದನ್ನೇ ತಿರುಗಿಸಿ ಹೇಳಿದರೆ, ಸ್ವಲ್ಪ ನಿಧಾನ ಮಾಡಿದರೂ ಬಹಳ ಉಳಿಯುತ್ತದೆ. ‘ಆದಿತ್ಯ’ ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ವೇಗದಲ್ಲಿ, ಸೈಕಲ್ಲನ್ನು ಆರಾಮವಾಗಿ ತುಳಿಯುವಷ್ಟರಲ್ಲಿ ಸಾಗುತ್ತದೆ. ಹಾಗೆ ಸಾಗಲು ಅದಕ್ಕೆ ಬೇಕಾಗುವುದು ಸುಮಾರು 16 ಕಿಲೋವಾಟ್. ಅಡಿಕೆ ತೋಟದ 5 ಎಚ್‌ಪಿಯ ನಾಲ್ಕು ಪಂಪ್‌ಸೆಟ್ ಓಡಿಸುವಷ್ಟು, ಅಷ್ಟೇ.

ಈಗ ಚಾವಣಿಗೆ ಬರೋಣ. ಪೆನ್ಸಿಲ್ ತೆಗೆದುಕೊಳ್ಳಿ. ದೋಣಿಯ ಉದ್ದ 20 ಮೀಟರ್, ಅಗಲ 7 ಮೀಟರ್. ಇಡೀ ಚಾವಣಿ 140 ಚದರ ಮೀಟರ್ ಎಂದಾಯಿತು. ನೆತ್ತಿಯ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋವಾಟ್ ಬೆಳಕು ಸುರಿಯುತ್ತದೆ. ಫಲಕ ಅದರಲ್ಲಿ ಆರನೇ ಒಂದು ಪಾಲನ್ನು ಕರೆಂಟ್ ಮಾಡುತ್ತದೆ ಎಂದುಕೊಳ್ಳಿ. ಚಾವಣಿಯ ಬಹುಪಾಲು, ಅಂದರೆ 120 ಚದರ ಮೀಟರ್ ತುಂಬ ಫಲಕ ಹಾಸಿದರೆ 20 ಕಿಲೋವಾಟ್ ಸಿಗುತ್ತದೆ. ‘ಆದಿತ್ಯ’ದ ಮೇಲೆ ಇರುವುದೂ ಅಷ್ಟೇ, 20 ಕಿಲೋವಾಟ್! ಮೇಲಿನಿಂದ ಬರುವುದು ಇಪ್ಪತ್ತು, ಕೆಳಗೆ ಬೇಕಾದದ್ದು ಹದಿನಾರು. ಒಡಲು ತೆಳ್ಳಗಾಗದೆ, ತೂಕ ಇಳಿಯದೆ, ವೇಗ ತಗ್ಗದೆ ಇದ್ದಿದ್ದರೆ ಈ ಎರಡು ಸಂಖ್ಯೆಗಳು ಹತ್ತಿರ ಬರುತ್ತಲೇ ಇರಲಿಲ್ಲ.

ಮೋಡ ಬಂದರೆ? ದೋಣಿ ನಡುನೀರಿನಲ್ಲಿ ನಿಂತುಬಿಟ್ಟರೆ? ಅದಕ್ಕೇ ಬ್ಯಾಟರಿ ಇರುವುದು. ಒಂದು ಸಲ ಆಚೆ ದಡಕ್ಕೆ ಹೋಗಲು ಕಾಲು ಗಂಟೆ. 16 ಕಿಲೋವಾಟಿನ ಲೆಕ್ಕದಲ್ಲಿ 4 ಯೂನಿಟ್ ಖರ್ಚು. ದಿನಕ್ಕೆ ಸುಮಾರು 22 ಸಲ ಓಡಾಡಿದರೆ 88 ಯೂನಿಟ್. ಬೆಳಗಿನ ಓರೆ ಬಿಸಿಲು, ಸಂಜೆಯ ಮಂದ ಬೆಳಕು ಎಲ್ಲ ಸೇರಿಸಿ ಒಳ್ಳೆಯ ದಿನ ಸೂರ್ಯ ಸುಮಾರು 80 ಯೂನಿಟ್ ಕೊಟ್ಟಾನು. ಕೊರತೆ ಬಿದ್ದದ್ದನ್ನು ರಾತ್ರಿ ಜೆಟ್ಟಿಯಲ್ಲಿ ಕಟ್ಟಿಹಾಕಿದಾಗ ದಡದ ಕರೆಂಟಿನಿಂದ ತುಂಬಿಸಿಕೊಳ್ಳುತ್ತಾರೆ. ಕೇರಳದ ಜೂನ್ ಜುಲೈ ಎಂದರೆ ನಮ್ಮ ಕರಾವಳಿಯಂತೆಯೇ, ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಆಗ ದಡದ ಕರೆಂಟಿನ ಪಾಲು ಹೆಚ್ಚು. ಈ ಲೆಕ್ಕ ನಾನು ದುಂಡುದುಂಡಾಗಿ ಹಾಕಿದ್ದು, ಗಾಳಿ, ಪ್ರವಾಹ, ಜನಸಂದಣಿ ಎಲ್ಲ ಸೇರಿದರೆ ದಿನದಿನಕ್ಕೂ ಬದಲಾಗುತ್ತದೆ.

ಫಲ ಏನಾಯಿತು? ಮೊದಲ ಮೂರು ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಓಡಾಡಿದರು, ಉಳಿದ ಡೀಸೆಲ್ ಸುಮಾರು ಒಂದು ಲಕ್ಷ ಲೀಟರ್ ಎಂದು ವರದಿಯಾಯಿತು. ಲೀಟರಿಗೆ 2,640 ಗ್ರಾಂ ಎಂದು ನೀವೇ ಕಂಡುಕೊಂಡಿದ್ದೀರಲ್ಲ, ಗುಣಿಸಿ: 264 ಟನ್ ಅನಿಲ ಗಾಳಿಗೆ ಸೇರಲಿಲ್ಲ. 2020ರಲ್ಲಿ ‘ಆದಿತ್ಯ’ಕ್ಕೆ ವಿದ್ಯುತ್ ದೋಣಿಗಳಿಗೆಂದೇ ಇರುವ ಅಂತರರಾಷ್ಟ್ರೀಯ ಪ್ರಶಸ್ತಿಯೊಂದು ಬಂತು. ಪ್ರಶಸ್ತಿಯ ಹೆಸರು ಗುಸ್ತಾವ್ ಟ್ರುವೆ, ಸೇನ್ ನದಿಯಲ್ಲಿ ದೋಣಿ ಓಡಿಸಿದ್ದನಲ್ಲ, ಅವನದೇ.

ದಡದ ಕರೆಂಟು ಎಂದೆ. ಆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟನ್ನು ಬ್ಯಾಟರಿಗೆ ತುಂಬಿದರೆ ಹೊಗೆಯ ಕೊಳವೆ ದೋಣಿಯಿಂದ ದೂರದ ವಿದ್ಯುತ್ ಕೇಂದ್ರಕ್ಕೆ ಸ್ಥಳ ಬದಲಿಸಿತು ಅಷ್ಟೇ. ಪೂರ್ತಿ ನಷ್ಟವಲ್ಲ, ಆದರೆ ಪೂರ್ತಿ ಲಾಭವೂ ಅಲ್ಲ. ಈ ವಿಷಯದಲ್ಲಿ ನಾರ್ವೆ ದೇಶದವರು ಅದೃಷ್ಟವಂತರು, ಅವರ ಕರೆಂಟು ಹೆಚ್ಚುಕಮ್ಮಿ ಎಲ್ಲವೂ ನಮ್ಮ ಜೋಗದ ಹಾಗೆ ಬೀಳುವ ನೀರಿನಿಂದ ಬರುತ್ತದೆ. ಅಲ್ಲಿನ ಕಡಲು ಬೆಟ್ಟಗಳ ನಡುವೆ ಕಿರಿದಾಗಿ ಒಳನುಗ್ಗಿ ಊರುಗಳನ್ನು ಕಡಿದುಹಾಕಿದೆ. ಸೇತುವೆ ಕಟ್ಟಲಾಗದ ಕಡೆ ಹೆದ್ದಾರಿಯೇ ನೀರಿಗಿಳಿದು, ಫೆರಿ ಹತ್ತಿ, ಆಚೆ ದಡದಲ್ಲಿ ಮುಂದುವರಿಯುತ್ತದೆ. ಫೆರಿ ಓಡಿಸುವುದು ಖಾಸಗಿ ಕಂಪನಿ, ಮಾರ್ಗ ಮಾತ್ರ ಸರ್ಕಾರದ್ದು. ಸೋಂಗ್ನೆಫ್ಯೂರ್ ಎಂಬ ಕಡಲತೋಳಿನ ಲಾವಿಕ್–ಒಪ್ಪೆದಾಲ್ ಮಾರ್ಗಕ್ಕೆ ಅಲ್ಲಿನ ರಸ್ತೆ ಇಲಾಖೆ ಒಂದು ಸ್ಪರ್ಧೆ ಇಟ್ಟಿತು: ಪರಿಸರಕ್ಕೆ ಹಗುರವಾದ ಹಡಗು ತರುವವರಿಗೆ ಮಾರ್ಗ. ಹಾಗೆ ಬಂದದ್ದು ‘ಆಂಪಿಯರ್’. 2015ರಲ್ಲಿ ಓಡಾಟ ಶುರು. 120 ಕಾರು, 360 ಜನರನ್ನು ಹೊರುವ, ಪೂರ್ತಿ ಬ್ಯಾಟರಿಯ ಜಗತ್ತಿನ ಮೊದಲ ದೊಡ್ಡ ಕಾರು-ಫೆರಿ. ಅದರ ಒಡಲೂ ಜೋಡಿಯೇ, ಮೈ ಅಲ್ಯೂಮಿನಿಯಂ. ಅಲ್ಲಿಯೂ ಮೊದಲು ಹಸಿವು ಕಡಿಮೆ ಮಾಡಿ ಆಮೇಲೆ ಬ್ಯಾಟರಿ ಕೂರಿಸಿದ್ದಾರೆ.

ಆದರೆ ಅವರಿಗೆ ಬೇರೊಂದು ತೊಡಕು ಬಂತು. ಫೆರಿ ದಡದಲ್ಲಿ ನಿಲ್ಲುವುದು ಹತ್ತೇ ನಿಮಿಷ. ಅಷ್ಟರಲ್ಲಿ ಒಂದು ಪಯಣಕ್ಕೆ ಬೇಕಾದ ಸುಮಾರು 150 ಯೂನಿಟ್ ತುಂಬಬೇಕು. ಹತ್ತು ನಿಮಿಷ ಎಂದರೆ ಗಂಟೆಯ ಆರನೇ ಒಂದು ಪಾಲು. 150ನ್ನು 6ರಿಂದ ಗುಣಿಸಿದರೆ 900 ಕಿಲೋವಾಟ್ ಬೇಕು! ಪುಟ್ಟ ಹಳ್ಳಿಯ ತಂತಿಯಲ್ಲಿ ಅಷ್ಟೊಂದು ಒಮ್ಮೆಗೇ ಎಳೆದರೆ ಮನೆಮನೆಯ ದೀಪ ಮಂಕಾದೀತು. ಎಂಜಿನಿಯರುಗಳು ಏನು ಮಾಡಿದರು? ಎರಡೂ ದಡಗಳಲ್ಲಿ ಒಂದೊಂದು ದೊಡ್ಡ ಬ್ಯಾಟರಿ ಇಟ್ಟರು. ಫೆರಿ ನೀರಿನ ಮೇಲಿರುವಾಗ ದಡದ ಬ್ಯಾಟರಿ ಹಳ್ಳಿಯ ತಂತಿಯಿಂದ ಸದ್ದಿಲ್ಲದೆ, ನಿಧಾನವಾಗಿ ತುಂಬಿಕೊಳ್ಳುತ್ತದೆ. ಫೆರಿ ಬಂದೊಡನೆ ಕೂಡಿಟ್ಟದ್ದನ್ನು ಒಮ್ಮೆಗೇ ಸುರಿಯುತ್ತದೆ. ವರ್ಷಕ್ಕೆ ಸುಮಾರು ಹತ್ತು ಲಕ್ಷ ಲೀಟರ್ ಡೀಸೆಲ್ ಉಳಿಯುವ ಲೆಕ್ಕ ಇದು. ಇಂದು ನಾರ್ವೆಯಲ್ಲಿ ಇಂಥ ಹತ್ತಾರು ಫೆರಿಗಳು ಓಡುತ್ತಿವೆ.

ಎಲ್ಲ ಸರ್ಕಾರಗಳಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಅಮೆರಿಕದ ಪಶ್ಚಿಮದ ತುದಿಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯವಿದೆ. ರಾಜಧಾನಿ ವಾಷಿಂಗ್ಟನ್ ಅಲ್ಲ, ಸಿಯಾಟಲ್ ನಗರ ಇರುವ ರಾಜ್ಯ. ಕಂಪ್ಯೂಟರ್ ಕೆಲಸಕ್ಕೆಂದು ಹೋದ ಕನ್ನಡಿಗರು ಅಲ್ಲಿ ಬೇಕಾದಷ್ಟು. ನಿಮ್ಮ ಚಿಕ್ಕಪ್ಪನೋ ಅತ್ತೆಯೋ ಅಲ್ಲಿದ್ದರೆ ಬಿಳಿ-ಹಸಿರು ಬಣ್ಣದ ದೊಡ್ಡ ಫೆರಿಯ ಮುಂದೆ ನಿಂತು ಫೋಟೊ ಕಳಿಸಿರುತ್ತಾರೆ. ಆ ಫೆರಿಗಳೆಲ್ಲ ರಾಜ್ಯ ಸರ್ಕಾರದವು. ವರ್ಷಕ್ಕೆ ಸುಮಾರು ಏಳು ಕೋಟಿ ಲೀಟರ್ ಡೀಸೆಲ್ ಕುಡಿಯುತ್ತವೆ. 1959ರಲ್ಲಿ ಕಟ್ಟಿದ ‘ಟಿಲಿಕಂ’ ಎಂಬ ಹಡಗು ಅರವತ್ತು ವರ್ಷ ದಾಟಿದ ಮೇಲೂ ಜನರನ್ನು ಹೊತ್ತಿದೆ. ನಿಮ್ಮ ಅಜ್ಜನ ವಯಸ್ಸು ಅನ್ನಿ.

ಸರ್ಕಾರಿ ಹಡಗುಗಳ ಸ್ವಭಾವವೇ ಹೀಗೆ. ಮೂವತ್ತು, ನಲವತ್ತು, ಕೆಲವೊಮ್ಮೆ ಅರವತ್ತು ವರ್ಷ ದುಡಿಯುತ್ತವೆ. ಇವತ್ತು ಒಂದು ಡೀಸೆಲ್ ಹಡಗು ಕೊಂಡರೆ, ಈಗ ಐದನೇ ತರಗತಿಯಲ್ಲಿರುವ ಮಕ್ಕಳು ತಮ್ಮ ಮಕ್ಕಳನ್ನು ಐದನೇ ತರಗತಿಗೆ ಸೇರಿಸುವ ಹೊತ್ತಿಗೂ ಅದು ಹೊಗೆ ಬಿಡುತ್ತಿರುತ್ತದೆ. ಹಾಗೆಂದು ಎಲ್ಲ ಹಳೆಯ ಹಡಗುಗಳನ್ನೂ ನಾಳೆಯೇ ಮುರಿದುಹಾಕಿದರೆ ಸರಿಯೇ? ಅದಕ್ಕೂ ಲೆಕ್ಕ ಇದೆ. ಒಂದು ಟನ್ ಉಕ್ಕು ತಯಾರಿಸಲು ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇಪ್ಪತ್ತು ಟನ್ ಉಕ್ಕಿನ ಹೊಸ ಬೋಟ್ ಎಂದಿಟ್ಟುಕೊಳ್ಳಿ: ನೀರಿಗೆ ಇಳಿಯುವ ಮೊದಲೇ 40 ಟನ್ ಸಾಲ. ಅದು ದಿನಕ್ಕೆ ನೂರು ಲೀಟರ್ ಡೀಸೆಲ್ ಕುಡಿಯುವ ಹಳೆಯ ಬೋಟಿನ ಜಾಗಕ್ಕೆ ಬಂದರೆ ದಿನಕ್ಕೆ 264 ಕಿಲೋ ಉಳಿಯುತ್ತದೆ, ಐದು ತಿಂಗಳಲ್ಲಿ ಸಾಲ ತೀರುತ್ತದೆ. ವಾರಕ್ಕೊಮ್ಮೆ ಮಾತ್ರ ಅಲುಗುವ ಬೋಟಿನ ಜಾಗಕ್ಕೆ ಬಂದರೆ ಅದೇ ಸಾಲ ತೀರಲು ಮೂರು ವರ್ಷ. (ಬ್ಯಾಟರಿ ತಯಾರಿಸುವಾಗಲೂ ಹೊಗೆ ಬರುತ್ತದೆ, ಅದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು.) ಆದ್ದರಿಂದ ಯಾವುದು ಹೆಚ್ಚು ಓಡುತ್ತದೋ, ಯಾವುದು ಹೆಚ್ಚು ಕುಡಿಯುತ್ತದೋ ಅದನ್ನು ಮೊದಲು ಬದಲಿಸುವುದು ಜಾಣತನ. ವಯಸ್ಸೊಂದನ್ನೇ ನೋಡಿ ಸಾಲು ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ.

ಸಿಯಾಟಲ್‌ನವರು ಆರಿಸಿಕೊಂಡದ್ದೂ ಹಾಗೆಯೇ. ಅವರ ಅತಿ ದೊಡ್ಡ ಮೂರು ಫೆರಿಗಳು 1990ರ ದಶಕದ ಕೊನೆಗೆ ಬಂದವು, ಅಂಥ ಮುದುಕರೇನಲ್ಲ. ಆದರೆ ಇಡೀ ಪಡೆಯ ಇಂಧನದಲ್ಲಿ ಕಾಲುಭಾಗವನ್ನು ಇವು ಮೂರೇ ಮುಗಿಸುತ್ತಿದ್ದವು. ಅವುಗಳಲ್ಲಿ ಒಂದಾದ ‘ವೆನಾಚಿ’ಯ ನಾಲ್ಕು ಡೀಸೆಲ್ ಇಂಜಿನ್‌ಗಳಲ್ಲಿ ಎರಡನ್ನು ಕಿತ್ತು ಆ ಜಾಗದಲ್ಲಿ ಬ್ಯಾಟರಿ ಕೂರಿಸಿ, 2025ರಲ್ಲಿ ಮತ್ತೆ ನೀರಿಗೆ ಇಳಿಸಿದರು. ಒಂದು ಕೊರತೆ ಉಳಿಯಿತು: ಹಡಗು ಮರಳಿ ಬಂದಾಗ ದಡದಲ್ಲಿ ಚಾರ್ಜಿಂಗ್ ವ್ಯವಸ್ಥೆ ಇನ್ನೂ ಕಟ್ಟಿರಲಿಲ್ಲ. ಆದ್ದರಿಂದ ಬ್ಯಾಟರಿಗೂ ಡೀಸೆಲ್ಲೇ ಉಣಿಸಬೇಕಾಯಿತು. ಉಳಿತಾಯ ಇದೆ, ಆದರೆ ಅಂದುಕೊಂಡಷ್ಟಿಲ್ಲ. ಪೂರಾ ಹೊಸ ಹೈಬ್ರಿಡ್ ಹಡಗುಗಳನ್ನು ಕಟ್ಟುವ ಗುತ್ತಿಗೆಯೂ 2025ರಲ್ಲಷ್ಟೇ ಫ್ಲಾರಿಡಾದ ಒಂದು ಹಡಗುಕಟ್ಟೆಯ ಪಾಲಾಯಿತು. ಹಡಗು ಮತ್ತು ದಡ ಎರಡೂ ಒಟ್ಟಿಗೆ ತಯಾರಾಗಬೇಕು ಎಂಬುದನ್ನು ನಾರ್ವೆಯವರು ಹಳ್ಳಿಯ ತಂತಿಯ ಮುಂದೆ ನಿಂತಾಗಲೇ ಅರಿತಿದ್ದರು.

ಹಾಗಿದ್ದರೆ ಸಮುದ್ರ ಕಾಯುವ ಕೋಸ್ಟ್ ಗಾರ್ಡ್ ಹಡಗುಗಳ ಚಾವಣಿಗೂ ಫಲಕ ಹಾಸಿಬಿಡೋಣವೇ? ವೇಗದ ನಿಯಮ ನೆನಪಿದೆಯಲ್ಲ. ಕಳ್ಳಸಾಗಣೆಯ ದೋಣಿಯನ್ನು ಬೆನ್ನಟ್ಟುವ ಹಡಗು ‘ಆದಿತ್ಯ’ದ ಮೂರು ಪಟ್ಟು ವೇಗದಲ್ಲಿ ಓಡಬೇಕಾಗುತ್ತದೆ, ಬೇಕಾದ ಸಾಮರ್ಥ್ಯ 27 ಪಟ್ಟು. ಚಾವಣಿಯ ಬಿಸಿಲು ಮಾತ್ರ ಮೊದಲಿನಷ್ಟೇ. ಮೇಲಾಗಿ ಅದು ಹದಿನೈದು ನಿಮಿಷಕ್ಕೆ ದಡ ಸೇರುವುದಿಲ್ಲ, ದಿನಗಟ್ಟಲೆ ನೀರಿನ ಮೇಲೇ ಇರುತ್ತದೆ. ಅಂಥವಕ್ಕೆ ಬೇರೆ ದಾರಿ ಹುಡುಕುತ್ತಿದ್ದಾರೆ. ಹೈಡ್ರೋಜನ್ ಒಂದು ದಾರಿ. ಅದು ಉರಿದರೆ ಬರುವುದು ನೀರು. ಕೊಚ್ಚಿಯ ಹಡಗುಕಟ್ಟೆ ವಾರಾಣಸಿಯ ಗಂಗೆಗೆಂದು ಹೈಡ್ರೋಜನ್ನಿನ ಒಂದು ಪ್ರಯಾಣಿಕರ ದೋಣಿಯನ್ನೇ ಕಟ್ಟಿದೆ.

ಇನ್ನೊಂದು ಉಪಾಯ ನಮ್ಮ ಉಡುಪಿಯ ಹತ್ತಿರವೇ ಇದೆ. ಮಲ್ಪೆಯ ಹಡಗುಕಟ್ಟೆಯಲ್ಲಿ ನಾರ್ವೆಯ ವಿಲ್ಸನ್ ಎಂಬ ಕಂಪನಿಗೆ ಸರಕು ಹಡಗುಗಳನ್ನು ಕಟ್ಟುತ್ತಿದ್ದಾರೆ. ಇವು ಸರ್ಕಾರಿ ಹಡಗುಗಳಲ್ಲ, ಆದರೆ ಒಳಗಿನ ಏರ್ಪಾಡು ಗಮನಿಸುವಂಥದ್ದು. ಇಲ್ಲಿ ಡೀಸೆಲ್ ಇಂಜಿನ್ ನೇರವಾಗಿ ಪ್ರೊಪೆಲ್ಲರನ್ನು ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸಿ ಕರೆಂಟ್ ಮಾಡುತ್ತದೆ, ಕರೆಂಟಿನ ಮೋಟಾರ್ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಇಂಥ ಏರ್ಪಾಡಿನಲ್ಲಿ ಪ್ರೊಪೆಲ್ಲರಿಗೆ ಬೇಕಾದದ್ದು ಕರೆಂಟು ಮಾತ್ರ, ಅದು ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ಮುಂದೊಂದು ದಿನ ಜನರೇಟರಿನ ಜಾಗಕ್ಕೆ ಬ್ಯಾಟರಿಯೋ ಹೈಡ್ರೋಜನ್ ಪೆಟ್ಟಿಗೆಯೋ ಬಂದರೆ ಇಡೀ ಹಡಗನ್ನು ಮುರಿಯಬೇಕಿಲ್ಲ.

ಇನ್ನು ನಿಮಗೊಂದು ಕೆಲಸ. ಶರಾವತಿ ಹಿನ್ನೀರಿನ ಲಾಂಚನ್ನೋ ಅಘನಾಶಿನಿಯ ದಡದಲ್ಲಿ ತದಡಿಯ ಬೋಟನ್ನೋ ಹತ್ತುವ ಅವಕಾಶ ಸಿಕ್ಕರೆ ಹೆಜ್ಜೆ ಹಾಕಿ ಅದರ ಉದ್ದ, ಅಗಲ ಅಳೆಯಿರಿ. ಅಷ್ಟೂ ಜಾಗದ ಮೇಲೆ ಚಪ್ಪರ ಹಾಕಿ ಫಲಕ ಹಾಸಿದರೆ ಎಷ್ಟು ಕಿಲೋವಾಟ್ ಸಿಕ್ಕೀತು? ಆರರಿಂದ ಭಾಗಿಸಲು ಮರೆಯಬೇಡಿ. ಬೋಟ್ ಓಡಿಸುವವರನ್ನು ‘ಅಣ್ಣಾ, ದಿನಕ್ಕೆ ಎಷ್ಟು ಲೀಟರ್ ಬೇಕು?’ ಎಂದು ಕೇಳಿ. ಅವರು ಹೇಳಿದ ಪ್ರತಿ ಲೀಟರಿಗೆ ಮೂರು ಯೂನಿಟ್ಟಿಗಿಂತ ತುಸು ಹೆಚ್ಚು ಕೆಲಸ ಎಂದು ಹಿಡಿಯಿರಿ. ಚಪ್ಪರದ ಕಿಲೋವಾಟನ್ನು ನಾಲ್ಕರಿಂದ ಗುಣಿಸಿದರೆ ಒಂದು ಒಳ್ಳೆಯ ಬಿಸಿಲಿನ ದಿನದ ಯೂನಿಟ್ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಬರೆಯಿರಿ. ಹೊಂದಲಿಲ್ಲವೇ? ಬೋಟಿನ ವೇಗ ಸ್ವಲ್ಪ ಇಳಿಸಿ, ಮತ್ತೆ ಲೆಕ್ಕ ಹಾಕಿ.